ಛೇದ ಬೇರೆ ಬೇರೆ ಇದ್ದರೆ ಕೂಡುವುದು ಹೇಗೆ?

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ, ವ್ಯವಸಾಯ. ಮಗಳು ಆರನೇ ಕ್ಲಾಸು. 5/6 + 3/8 ಕೂಡು ಅಂದರೆ 8/14 ಅಂತ ಬರೆಯುತ್ತಾಳೆ. ನಾನು ಎರಡೂ ಛೇದ ಗುಣಿಸಿ 48 ಮಾಡಿಸಿದೆ, ಗೈಡಿನಲ್ಲಿ 24 ಇದೆ. ಯಾವುದು ಸರಿ ಸರ್? ಕಳೆಯುವ ಲೆಕ್ಕವಂತೂ ಇಬ್ಬರ ತಲೆಗೂ ಹತ್ತುತ್ತಿಲ್ಲ.

ಉತ್ತರ: ಎರಡೂ ಸರಿ. ಆದರೆ ಮೊದಲು ಆ 8/14 ನೋಡೋಣ. ಬೈಯಬೇಡಿ, ಸುಮ್ನೆ ಒಂದು ಮಾತು ಕೇಳಿ. 5/6 ಅಂದರೆ ಮುಕ್ಕಾಲಿಗಿಂತ ಜಾಸ್ತಿ. 8/14 ಅರ್ಧಕ್ಕಿಂತ ಒಂಚೂರು ಮೇಲೆ, ಅಷ್ಟೇ. ಕೂಡಿದ ಮೇಲೆ ಇದ್ದದ್ದೂ ಕಡಿಮೆ ಆಯಿತಲ್ಲ, ಹೇಗಮ್ಮಾ? ಅವಳೇ ರಬ್ಬರ್ ಹುಡುಕುತ್ತಾಳೆ.

ಇನ್ನು ನಿಮ್ಮ ಹೊಲಕ್ಕೆ ಬನ್ನಿ. 3/8 ಎಕರೆ ಟೊಮೆಟೊ, 1/5 ಎಕರೆ ಹುರುಳಿಕಾಯಿ ಅಂತ ಯಾರೂ ಹೇಳಲ್ಲ ಬಿಡಿ. ಎಕರೆಗೆ 40 ಗುಂಟೆ, ಹಾಗಾಗಿ 15 ಗುಂಟೆ, 8 ಗುಂಟೆ, ಒಟ್ಟು 23 ಗುಂಟೆ ಅಂತೀರಿ, ಅಂದರೆ 23/40 ಎಕರೆ. ಛೇದ ಒಂದೇ ಮಾಡುವುದು ಅಂದರೆ ಇದೇ. ಎರಡನ್ನೂ ಒಂದೇ ಅಳತೆಯ ತುಂಡು ಮಾಡಿ ಎಣಿಸಿದಿರಿ.

ಆದರೆ ಗುಂಟೆ ಎಲ್ಲದಕ್ಕೂ ಆಗಲ್ಲ. ಮೂವರು ಅಣ್ಣತಮ್ಮಂದಿರಿಗೆ ಒಂದು ಎಕರೆ ಹಂಚಿ ನೋಡಿ: ತಲೆಗೆ 13 ಗುಂಟೆ, ಒಂದು ಗುಂಟೆ ಉಳಿಯಿತು, ಅದನ್ನು 16 ಆಣೆ ಮಾಡಿದರೆ ತಲೆಗೆ 5 ಆಣೆ, ಮತ್ತೆ ಒಂದು ಆಣೆ ಉಳಿಯಿತು, ಜಗಳಕ್ಕೆ ಅಷ್ಟು ಸಾಕು! 40ರಲ್ಲೂ 3 ಹೋಗಲ್ಲ, 16ರಲ್ಲೂ ಹೋಗಲ್ಲ. ಅದಕ್ಕೇ ಪ್ರತಿ ಲೆಕ್ಕಕ್ಕೂ ಎರಡೂ ಛೇದ ಹೋಗುವ ಸಂಖ್ಯೆ ಹುಡುಕಬೇಕು.

ಹುಡುಕಲು ದೊಡ್ಡ ಛೇದದ ಮಗ್ಗಿ ಹೇಳಿಸಿ. 8, ಇದರಲ್ಲಿ 6 ಹೋಗಲ್ಲ. 16, ಹೋಗಲ್ಲ. 24, ಹೋಗುತ್ತದೆ, ಅಲ್ಲಿಗೆ ನಿಲ್ಲಿಸಿ. ಪುಸ್ತಕದಲ್ಲಿ ಲ.ಸಾ.ಅ. ಅನ್ನುವುದು ಇದನ್ನೇ. 5/6 ಅಂದರೆ 20/24, 3/8 ಅಂದರೆ 9/24. ಒಟ್ಟು 29/24, ಅಂದರೆ 1 5/24. ನಿಮ್ಮ 48ರಲ್ಲಿ 40 + 18, 58/48 ಬರುತ್ತದೆ. ಎರಡರಿಂದ ಭಾಗಿಸಿದರೆ ಅದೇ 29/24. ತಪ್ಪಿಲ್ಲ, ಕೆಲಸ ಜಾಸ್ತಿ. ಛೇದ 12, 18 ಇದ್ದರೆ ಗುಣಿಸಿ 216 ಯಾಕೆ, 36 ಸಾಕಲ್ವಾ?

ಕಳೆಯುವುದೂ ಹೀಗೇ, 20 − 9, 11/24. ಮಕ್ಕಳು ಎಡವುವುದು ದಶಕ ತೆಗೆದುಕೊಳ್ಳುವಾಗ. 3 1/6 − 1 3/8 ತೆಗೆದುಕೊಳ್ಳಿ. ಅದು 3 4/24 − 1 9/24 ಆಗುತ್ತದೆ. 4ರಲ್ಲಿ 9 ಹೋಗಲ್ಲ, ಪಕ್ಕದ 3ರಿಂದ ಒಂದು ತರಬೇಕು. ಮಗು ಅಭ್ಯಾಸಬಲದಿಂದ 10 ಸೇರಿಸಿ 14 ಮಾಡುತ್ತದೆ, ನಾನು ನೋಡಿದ ನೋಟ್‌ಬುಕ್ಕುಗಳಲ್ಲಿ ಜಾಸ್ತಿ ಕಂಡ ತಪ್ಪು ಇದೇ. ಇಲ್ಲಿ ಒಂದು ಅಂದರೆ 24 ತುಂಡು. 24 + 4 = 28, ಅದರಲ್ಲಿ 9 ಹೋದರೆ 19, ಪೂರ್ಣದಲ್ಲಿ 2 − 1. ಉತ್ತರ 1 19/24. ಅನುಮಾನ ಇದ್ದರೆ ಅದಕ್ಕೆ 1 9/24 ವಾಪಸ್ ಕೂಡಿಸಿ ನೋಡಲಿ.