ಹಿಂದಕ್ಕೆ ಎಳೆಯುವ ಕೈ

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದವಳಿಗೆ ಸುಮಾರು 24 ವರ್ಷ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂದಿತ್ತು. ಏರ್‌ಲೈನ್ ಕೆಲಸಕ್ಕಾಗಿ ಹಾರಾಟದ ಗಂಟೆ ಕೂಡಿಸುತ್ತಿದ್ದಳು. ಕೂರುವ ಮೊದಲೇ ಕೇಳಿದಳು, "ಇಲ್ಲಿಗೆ ಬಂದಿದ್ದರಿಂದ ನನ್ನ ಮೆಡಿಕಲ್‌ಗೆ ತೊಂದರೆ ಆಗಲ್ಲ ಅಲ್ವಾ?"

ಪೈಲಟ್‌ಗಳಿಗೆ ಈ ಭಯ ಜಾಸ್ತಿ. ಮೆಡಿಕಲ್ ಅಂದರೆ ಹಾರಲು ಆರೋಗ್ಯ ಸರಿ ಇದೆ ಅನ್ನುವ ಪ್ರಮಾಣಪತ್ರ. ಅದು ಹೋದರೆ ಕೆಲಸವೇ ಹೋದಂತೆ. ನಾನು ಸುಮ್ನೆ ಸಮಾಧಾನದ ಮಾತು ಹೇಳಲಿಲ್ಲ. ಇಲ್ಲಿನ ಮಾತು ಗುಟ್ಟಾಗಿರುತ್ತೆ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬಾಯಿ ಮುಚ್ಚಿಕೊಂಡಿರಲು ಆಗಲ್ಲ, ಮೆಡಿಕಲ್ ಫಾರಂನಲ್ಲಿ ಕೇಳಿದರೆ ನಿಜ ಬರೆಯಬೇಕು ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಕೂತಳು.

ಎರಡು ತಿಂಗಳಿಂದ ಏರೋಬ್ಯಾಟಿಕ್ಸ್, ಅಂದರೆ ವಿಮಾನದಲ್ಲಿ ಕಸರತ್ತು ಮಾಡುವುದನ್ನು, ಕಲಿಯುತ್ತಿದ್ದಳು. ಲೂಪ್, ರೋಲ್, ಸ್ಪಿನ್. ಕಾರಣ ಕೇಳಿದರೆ ಒಳ್ಳೆ ಕಾರಣವೇ ಕೊಟ್ಟಳು. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಹತ್ತಿರ ಒಂದು ಪ್ರಯಾಣಿಕ ವಿಮಾನ ಬಿದ್ದು 50 ಜನ ಸತ್ತರು. ವೇಗ ಕಡಿಮೆಯಾಗಿ ಸ್ಟಾಲ್ ಎಚ್ಚರಿಕೆ (ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಕಳೆದುಕೊಳ್ಳುತ್ತಿದೆ ಅನ್ನುವ ಎಚ್ಚರಿಕೆ) ಬಂದಾಗ ಕ್ಯಾಪ್ಟನ್ ವಿಮಾನದ ಮೂತಿ ತಗ್ಗಿಸಬೇಕಿತ್ತು, ಆದರೆ ಕಂಟ್ರೋಲನ್ನು ಹಿಂದಕ್ಕೆ ಎಳೆದು ಮೂತಿ ಎತ್ತಿಬಿಟ್ಟಿದ್ದರು. "ನನಗೆ ಹಾಗಾಗಬಾರದು" ಅಂದಳು. ಯುರೋಪಿನಲ್ಲಂತೂ 2019ರ ಕೊನೆಯಿಂದ, ಹಿಡಿತ ತಪ್ಪಿದ ವಿಮಾನವನ್ನು ಸರಿಪಡಿಸುವ ತರಬೇತಿ ಏರ್‌ಲೈನ್ ಪೈಲಟ್ ಆಗುವವರಿಗೆ ಕಡ್ಡಾಯ.

ಮತ್ತೆ ಸಮಸ್ಯೆ ಏನು? ಮೊದಲ ಸ್ಪಿನ್‌ನಲ್ಲಿ ಅವಳೂ ಎಳೆದುಬಿಟ್ಟಿದ್ದಳು.

ನನಗೆ ಸ್ಪಿನ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಕೈಯಲ್ಲೇ ತೋರಿಸು ಅಂದೆ. ಬಲಗೈಯನ್ನು ವಿಮಾನದ ಹಾಗೆ ಚಾಚಿದಳು. ಒಂದು ರೆಕ್ಕೆ ಇನ್ನೊಂದಕ್ಕಿಂತ ಜಾಸ್ತಿ ಸ್ಟಾಲ್ ಆಗಿ, ಮೂತಿ ಕೆಳಗಾಗಿ, ಕೈ ಗಿರಗಿರ ತಿರುಗುತ್ತಾ ಇಳಿಯಿತು. ಪವರ್ ಇಳಿಸಬೇಕು, ಏಲೆರಾನ್ (ರೆಕ್ಕೆಯ ತುದಿಯ ಪಟ್ಟಿ) ನೇರ ಇಡಬೇಕು, ತಿರುಗುವ ದಿಕ್ಕಿಗೆ ವಿರುದ್ಧ ರಡ್ಡರ್ (ಬಾಲದ ಪಟ್ಟಿ) ಪೆಡಲ್ ಒತ್ತಬೇಕು, ಕಂಟ್ರೋಲ್ ಸ್ಟಿಕ್ ಮುಂದಕ್ಕೆ ತಳ್ಳಬೇಕು. ಒಂದಕ್ಷರ ತಪ್ಪದೆ ಹೇಳಿದಳು. ಹೇಳುತ್ತಿರುವಾಗಲೇ ಅವಳ ಎಡಗೈ ಮುಷ್ಟಿ ಕಟ್ಟಿಕೊಂಡು ಹೊಟ್ಟೆಯ ಕಡೆಗೆ ಸರಿಯುತ್ತಿತ್ತು. "ಆ ಕೈ ನೋಡು" ಅಂದೆ. ನೋಡಿದಳು. ನಕ್ಕಳು. ಆಮೇಲೆ ಅತ್ತಳು.

ಉಳಿದದ್ದು ಆಗ ಹೊರಗೆ ಬಂತು. ಹಾರಾಟದ ಹಿಂದಿನ ರಾತ್ರಿ ನಿದ್ದೆ ಇಲ್ಲ. ಪ್ರತಿ ಸಲ ವಾಂತಿ. ಚೀಲವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹೋಗುತ್ತಿದ್ದಳು. ಇನ್‌ಸ್ಟ್ರಕ್ಟರ್ ಕೇಳಿದರೆ "ಚೆನ್ನಾಗಿದ್ದೀನಿ ಸರ್". ಮೂರು ಸಲ ಯಾರಿಗೂ ಹೇಳದೆ ವಾಂತಿ ತಡೆಯುವ ಮಾತ್ರೆ ನುಂಗಿ ಹಾರಿದ್ದಳು. ಜೊತೆಯವನೊಬ್ಬ "ಏರ್‌ಲೈನ್‌ನವರು ಬಸ್ ಡ್ರೈವರ್‌ಗಳು, ಲೂಪ್ ಹೊಡೆಯೋನೇ ಪೈಲಟ್" ಅಂದಿದ್ದನಂತೆ. ಆವತ್ತಿಂದ ಅವಳ ಪಾಠ ಪರೀಕ್ಷೆಯಾಗಿಬಿಟ್ಟಿತ್ತು.

ಮೊದಲು ಹಿಡಿದಿದ್ದು ಮಾತ್ರೆಯ ವಿಷಯ. ಅಂಥ ಬಹಳಷ್ಟು ಮಾತ್ರೆಗಳು ಮಂಪರು ತರುತ್ತವೆ, ಹಾರುವ ದಿನ ತೆಗೆದುಕೊಳ್ಳುವ ಹಾಗಿಲ್ಲ. ಇಲ್ಲಿ ನಾನು ಮೆತ್ತಗೆ ಮಾತಾಡಲಿಲ್ಲ. ವಿಮಾನಯಾನದ ವೈದ್ಯರನ್ನು ಕೇಳದೆ ಇನ್ನೊಂದು ಮಾತ್ರೆ ಬೇಡ, ಇನ್‌ಸ್ಟ್ರಕ್ಟರ್‌ಗೆ ಹೇಳುವವರೆಗೆ ಹಾರಾಟವೂ ಬೇಡ ಅಂದೆ.

"ಏನಂತ ಹೇಳೋದು?" ಅಂದಳು. ಇಬ್ಬರೂ ಕೂತು ವಾಕ್ಯ ಕಟ್ಟಿದೆವು. "ಸ್ಪಿನ್‌ನಲ್ಲಿ ನನ್ನ ಕೈ ತಾನಾಗೇ ಹಿಂದಕ್ಕೆ ಎಳೆಯುತ್ತೆ. ಹೊಟ್ಟೆ ತೊಳಸುತ್ತೆ. ಮಾತ್ರೆ ತಗೊಂಡಿದ್ದೆ. ಪಾಠ ಚಿಕ್ಕದು ಮಾಡೋಣವಾ?" ನಾಲ್ಕು ಸಲ ಜೋರಾಗಿ ಹೇಳಿಸಿದೆ. ಮೂರನೇ ವಾಕ್ಯಕ್ಕೆ ಪ್ರತಿ ಸಲ ಗಂಟಲು ಕಟ್ಟುತ್ತಿತ್ತು.

ಒಂದು ತಪ್ಪು ನನ್ನದೂ ಇದೆ. ಹೆದರಿಕೆ ಬಂದಾಗ ಮೈ ಸಡಿಲ ಬಿಟ್ಟು ನಿಧಾನ ಉಸಿರಾಡು ಅಂತ ರೂಢಿಯಂತೆ ಹೇಳಿಬಿಟ್ಟೆ. ಅವಳೇ ತಿದ್ದಿದಳು. ಲೂಪ್‌ನಲ್ಲಿ ಮೂರು ನಾಲ್ಕು ಜಿ, ಅಂದರೆ ಮೈ ತೂಕ ಮೂರು ನಾಲ್ಕು ಪಟ್ಟಾದಂಥ ಒತ್ತಡ, ಬಂದಾಗ ರಕ್ತ ತಲೆಯಿಂದ ಕೆಳಗಿಳಿದು ಕಣ್ಣು ಮಂಜಾಗಬಹುದು, ಆಗ ಕಾಲು, ಹೊಟ್ಟೆ ಬಿಗಿ ಹಿಡಿಯಬೇಕಂತೆ. ಸರಿ, ಉಸಿರಾಟದ ಅಭ್ಯಾಸ ನೆಲದ ಮೇಲೆ ಮಾತ್ರ ಅಂತ ಬದಲಿಸಿದೆ. ಗಾಳಿಯಲ್ಲಿ ಇನ್‌ಸ್ಟ್ರಕ್ಟರ್ ಹೇಳಿದ್ದೇ ಸರಿ.

ಕೆರಿಯರ್ ಬಗ್ಗೆ ಜಾಸ್ತಿ ಮಾತು ಬೇಕಾಗಲಿಲ್ಲ. ಹೊರಗೆ ಕಾಣದಿದ್ದರೂ ಉಪಕರಣ ನೋಡಿಯೇ ಹಾರಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆಯನ್ನು ಎರಡು ಸಲ ಮುಂದೂಡಿದ್ದಳು. ಏರ್‌ಲೈನ್‌ಗೆ ಬೇಕಾಗಿದ್ದೇ ಅದು. ಮೊದಲು ಅದು ಮುಗಿಯಲಿ, ಅಲ್ಲಿಯವರೆಗೆ ಏರೋಬ್ಯಾಟಿಕ್ಸ್‌ನಲ್ಲಿ ಸ್ಪಿನ್ ಮತ್ತು ರಿಕವರಿ ಸಾಕು ಅಂತ ಅವಳೇ ತೀರ್ಮಾನಿಸಿದಳು. ಒಬ್ಬಳೇ ಹೋಗಿ ಸಾಧಿಸಿ ತೋರಿಸುವುದಿಲ್ಲ ಅಂತ ಮಾತೂ ಕೊಟ್ಟಳು.

ಆರು ವಾರದ ಮೇಲೆ ಬಂದಳು. ಇನ್‌ಸ್ಟ್ರಕ್ಟರ್ ಮಾತ್ರೆಗೆ ಬೈದರಂತೆ, ವಾಂತಿಗಲ್ಲ. ಒಳಕಿವಿ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದರೆ ಹೊಟ್ಟೆ ತೊಳಸುತ್ತೆ, ದಿನಾ ಸ್ವಲ್ಪ ಸ್ವಲ್ಪ ಹಾರಿದರೆ ಒಗ್ಗುತ್ತೆ, ನಡುವೆ ತುಂಬಾ ದಿನ ಬಿಟ್ಟರೆ ಮತ್ತೆ ಮೊದಲಿಂದ ಅಂದರಂತೆ. ಈಗ 15 ನಿಮಿಷದ ಪಾಠ, ತೊಳಸಲು ಶುರುವಾಗುವ ಮೊದಲೇ ವಾಪಸ್. ರಿಕವರಿಯ ಹೆಜ್ಜೆಗಳನ್ನು ಜೋರಾಗಿ ಹೇಳುತ್ತಾ ಮಾಡಬೇಕು.

ಕೈ ಈಗಲೂ ಒಮ್ಮೊಮ್ಮೆ ಹಿಂದಕ್ಕೆ ಬರುತ್ತಂತೆ. "ಆದ್ರೆ ಬರ್ತಿರೋದು ಗೊತ್ತಾಗುತ್ತೆ" ಅಂದಳು. ಹತ್ತುವ ಮೊದಲು ವಾಂತಿ ಚೀಲ ಇದೆಯಾ ಅಂತ ಇನ್‌ಸ್ಟ್ರಕ್ಟರ್ ತಾವೇ ಕೇಳುತ್ತಾರಂತೆ. ಅವರ ಜೇಬಿನಲ್ಲೂ ಒಂದಿರುತ್ತಂತೆ.