ಆಟಿಸಂ ಇರುವವರೇ ಬರೆದ ಆತ್ಮಕಥೆಗಳನ್ನು ಯಾವುದರಿಂದ ಶುರು ಮಾಡಬೇಕು, ಹೇಗೆ ಓದಬೇಕು?

ಅಕ್ಕನ ಆರು ವರ್ಷದ ಮಗನಿಗೆ ಆಟಿಸಂ ಇದೆಯೆಂದು ಗೊತ್ತಾಗಿದೆ, ಮಾತು ಕಡಿಮೆ, ವೈದ್ಯರ ಪುಸ್ತಕ ಓದಿ ಸಾಕಾಗಿದೆ, ಆಟಿಸಂ ಇರುವವರು ತಾವೇ ಬರೆದದ್ದು ಬೇಕು ಅಂತ ಕೇಳಿದ್ದೀರಿ.

ಹೆಚ್ಚಿನವರು ಆಟಿಸಂ ಇರುವ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಹೆಸರು ಹೇಳುತ್ತಾರೆ. ನಾನು ಮೊದಲಿಗೆ ಡಾರಾ ಮೆಕ್‌ಅನಲ್ಟಿಯ ‘ಡೈರಿ ಆಫ್ ಎ ಯಂಗ್ ನ್ಯಾಚುರಲಿಸ್ಟ್’ (2020) ಓದಿ ಅನ್ನುತ್ತೇನೆ. ಉತ್ತರ ಐರ್ಲೆಂಡಿನ ಹದಿಹರೆಯದ ಹುಡುಗನ ಒಂದು ವರ್ಷದ ದಿನಚರಿ ಅದು. ಆ ಮನೆಯಲ್ಲಿ ಅಪ್ಪನನ್ನು ಬಿಟ್ಟರೆ ಎಲ್ಲರಿಗೂ ಆಟಿಸಂ. ಹಾಗಾಗಿ ಅಲ್ಲಿ ಅದು ಗಂಡಾಂತರವಲ್ಲ, ದಿನನಿತ್ಯದ ಸಂಗತಿ. ಶಾಲೆಯಲ್ಲಿ ಸಹಪಾಠಿಗಳ ಕಾಟ, ಮನೆ ಬದಲಾಯಿಸುವಾಗಿನ ತಳಮಳ ಎಲ್ಲವೂ ಇದೆ. ಹಕ್ಕಿ, ಗಿಡಗಳ ಹೆಸರು ತೊಡಕೆನಿಸಿದರೆ ದಾಟಿಕೊಂಡು ಹೋಗಿ, ನಷ್ಟವೇನಿಲ್ಲ.

ಆದರೆ ಡಾರಾ ಸರಾಗವಾಗಿ ಮಾತಾಡುವ ಹುಡುಗ. ಮಾತು ಕಡಿಮೆ ಇರುವವರ ಬರಹಕ್ಕೆ ಬಂದರೆ ನಮ್ಮ ರಾಜ್ಯದ ನಂಟೇ ಇದೆ. ತೀತೋ ರಾಜರ್ಷಿ ಮುಖೋಪಾಧ್ಯಾಯ ಚಿಕ್ಕಂದಿನಲ್ಲಿ ಮೈಸೂರು, ಬೆಂಗಳೂರುಗಳಲ್ಲಿದ್ದವರು. ಎಂಟರಿಂದ ಹನ್ನೊಂದರ ವಯಸ್ಸಿನಲ್ಲಿ ಬರೆದ ‘ಬಿಯಾಂಡ್ ದ ಸೈಲೆನ್ಸ್’ 2000ದಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಜಪಾನಿನ ನವೋಕಿ ಹಿಗಾಶಿದ 13ರ ವಯಸ್ಸಿನಲ್ಲಿ ಬರೆದ, 2013ರಲ್ಲಿ ಇಂಗ್ಲಿಷಿಗೆ ಬಂದ ‘ದ ರೀಸನ್ ಐ ಜಂಪ್’ ಇನ್ನೂ ಸುಲಭ. 58 ಪ್ರಶ್ನೆ, ಒಂದೊಂದಕ್ಕೂ ಪುಟ್ಟ ಉತ್ತರ. ಅಕ್ಕನಿಗೆ ಇಂಗ್ಲಿಷ್ ಕಷ್ಟವಾದರೆ ದಿನಕ್ಕೆರಡು ಉತ್ತರ ನೀವೇ ಕನ್ನಡದಲ್ಲಿ ಹೇಳಬಹುದು.

ಇಲ್ಲಿ ಒಂದು ಎಚ್ಚರಿಕೆ. ಅಕ್ಷರಫಲಕ ತೋರಿಸಿ ಬರೆಸುವ ಕೆಲವು ವಿಧಾನಗಳಲ್ಲಿ ಪಕ್ಕದಲ್ಲಿ ಕೂತವರ ಪಾತ್ರ ಎಷ್ಟು ಎಂಬ ವಿವಾದ ಹಳೆಯದು. ತೀತೋ ಅವರ ತಾಯಿ ಸೋಮಾ ರೂಪಿಸಿದ ಇಂಥ ವಿಧಾನವನ್ನು ಬಳಸಬೇಡಿ ಎಂದು ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಅಧಿಕೃತವಾಗಿಯೇ ಹೇಳಿದೆ. ಹಿಗಾಶಿದ ಪುಸ್ತಕದ ಬಗ್ಗೆಯೂ ಇಂಥ ಅನುಮಾನ ಎತ್ತಿದವರಿದ್ದಾರೆ. ಪುಸ್ತಕ ಓದಿ, ಆದರೆ ಅದನ್ನು ನಂಬಿ ಮಗುವಿನ ಥೆರಪಿ ಬದಲಾಯಿಸಬೇಡಿ. ಹಿಗಾಶಿದ ಮಾತುಮಾತಿಗೆ ‘ನಾವು’ ಅನ್ನುತ್ತಾನೆ. ಅಲ್ಲೆಲ್ಲ ‘ನಾನು’ ಎಂದೇ ಓದಿಕೊಳ್ಳಿ, ಅದು ಒಬ್ಬನ ಅನುಭವ.

ಗ್ರಾಂಡಿನ್ ಇದಾದ ಮೇಲೆ. ‘ಥಿಂಕಿಂಗ್ ಇನ್ ಪಿಕ್ಚರ್ಸ್’ (1995) ಕೊಳ್ಳುವುದಾದರೆ 2006ರ ವಿಸ್ತೃತ ಆವೃತ್ತಿಯನ್ನೇ ಕೊಳ್ಳಿ. ಆಟಿಸಂ ಇರುವವರೆಲ್ಲ ತನ್ನಂತೆ ಚಿತ್ರಗಳಲ್ಲೇ ಯೋಚಿಸುತ್ತಾರೆ ಎಂದುಕೊಂಡಿದ್ದು ತಪ್ಪು ಅಂತ ಆಕೆಯೇ ಅದರಲ್ಲಿ ತಿದ್ದಿಕೊಂಡಿದ್ದಾರೆ. ಹಳೆಯ ಪ್ರತಿ ಓದಿದ ಪೋಷಕರು ಚಿತ್ರದ ಕಾರ್ಡುಗಳ ರಾಶಿ ತಂದು, ಮಗು ಅತ್ತ ತಿರುಗಿಯೂ ನೋಡದಿದ್ದಾಗ ಕಂಗಾಲಾಗುತ್ತಾರೆ.

ಅದರಲ್ಲಿ ಅವಸರಪಡದೆ ಓದಬೇಕಾದ್ದು ಅಪ್ಪುಗೆಯ ಯಂತ್ರದ ಭಾಗ. ಅಮೆರಿಕದ ಅರಿಜೋನಾದಲ್ಲಿ ಬಂಧುವೊಬ್ಬರ ದನದ ಫಾರ್ಮಿನಲ್ಲಿ, ಲಸಿಕೆ ಹಾಕುವಾಗ ದನವನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಕಟಕಟೆಯನ್ನು ಹುಡುಗಿ ಗ್ರಾಂಡಿನ್ ನೋಡುತ್ತಾಳೆ. ಒತ್ತಿದೊಡನೆ ಕೆಲವು ದನ ಶಾಂತವಾಗುತ್ತವೆ. ಆಮೇಲೆ ತನಗೂ ಅಂಥದ್ದೊಂದನ್ನು ಕಟ್ಟಿಕೊಳ್ಳುತ್ತಾಳೆ. ಯಾರಾದರೂ ಅಪ್ಪಿಕೊಂಡರೆ ತಡೆಯಲಾಗದವಳಿಗೆ ಯಂತ್ರದ ಒತ್ತಡ ಬೇಕೆನಿಸುತ್ತದೆ, ಯಾಕೆಂದರೆ ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಅನ್ನುವುದು ಅಲ್ಲಿ ಅವಳ ಕೈಯಲ್ಲೇ ಇದೆ.

ಇಂಥ ಕಡೆ ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆದುಕೊಳ್ಳಿ: ಯಾವ ಇಂದ್ರಿಯದ ಮಾತು, ಅದಕ್ಕೆ ಮುಂಚೆ ಏನಾಯಿತು, ಹತೋಟಿ ಯಾರ ಕೈಲಿತ್ತು. ‘ನಮ್ಮ ಹುಡುಗನೂ ಹೀಗೇ’ ಅಂತ ಟಿಕ್ ಹಾಕುತ್ತಾ ಹೋದರೆ ಎಲ್ಲ ಪುಟವೂ ಅವನದೇ ಅನ್ನಿಸಿಬಿಡುತ್ತದೆ. ಬರೆದುಕೊಂಡದ್ದನ್ನು ಮನೆಯಲ್ಲಿ ನೋಡಿ: ಮಿಕ್ಸಿ ಹಾಕುವ ಮುಂಚೆ ಹೇಳಿದರೆ ಕಿವಿ ಮುಚ್ಚಿಕೊಳ್ಳುವುದು ಕಡಿಮೆಯಾಗುತ್ತದೆಯೇ? ಸ್ವಿಚ್ ಅವನೇ ಒತ್ತಿದರೆ?

ಪ್ರಕಟಣೆಯ ವರ್ಷವನ್ನೂ ನೋಡಿಕೊಳ್ಳಿ. ಗ್ರಾಂಡಿನ್‌ರ 1986ರ ಮೊದಲ ಪುಸ್ತಕ ಅವರನ್ನು ಆಟಿಸಂನಿಂದ ಚೇತರಿಸಿಕೊಂಡವರೆಂದು ಪರಿಚಯಿಸಿತ್ತು. ಇವತ್ತು ಹಾಗೆ ಬರೆಯುವವರು ಕಡಿಮೆ. 1999ರ ಸುಮಾರಿನ ಪುಸ್ತಕಗಳಲ್ಲಿ ಆಸ್ಪರ್ಗರ್ (ಆಗ ಪ್ರತ್ಯೇಕವೆಂದು ಎಣಿಸುತ್ತಿದ್ದ ಒಂದು ರೋಗನಿರ್ಣಯ) ಎಂದಿದ್ದರೆ, ಅಮೆರಿಕದ ರೋಗನಿರ್ಣಯ ಕೈಪಿಡಿ 2013ರಲ್ಲಿ ಅದನ್ನು ಆಟಿಸಂನೊಳಗೇ ಸೇರಿಸಿದೆ ಎಂಬುದು ನೆನಪಿರಲಿ.

ಆಸ್ಟ್ರೇಲಿಯಾದ ಡೋನಾ ವಿಲಿಯಮ್ಸ್‌ರ ‘ನೋಬಡಿ ನೋವೇರ್’ (1992) ಅದ್ಭುತ ಪುಸ್ತಕ. ಆದರೆ ಮನೆಯೊಳಗಿನ ಹಿಂಸೆಯ ವಿವರ ಅದರಲ್ಲಿ ತುಂಬ ಇದೆ. ವಿಷಯ ಈಗಷ್ಟೇ ಗೊತ್ತಾಗಿರುವ ಅಕ್ಕನ ಕೈಗೆ ಸದ್ಯಕ್ಕೆ ಕೊಡಬೇಡಿ, ಮೊದಲು ನೀವು ಓದಿ.