ನಾನ್‌ಜಿಂಗ್‌ನಲ್ಲಿ ಎಂ.ಎ.: ಮಗಳನ್ನು ಕಳುಹಿಸಬಹುದೇ?

ಪ್ರಶ್ನೆ: ನನ್ನ ಮಗಳು ದೆಹಲಿಯಲ್ಲಿ ಚೀನೀ ಭಾಷೆಯ ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಚೀನಾದ ನಾನ್‌ಜಿಂಗ್ ವಿಶ್ವವಿದ್ಯಾಲಯದ ಜೊತೆ ನಡೆಸುವ ಕೇಂದ್ರದಲ್ಲಿ ಎಂ.ಎ. ಮಾಡುವ ಆಸೆ ಅವಳಿಗೆ. ಅಲ್ಲಿನ ಜೀವನ ಹೇಗಿರುತ್ತದೆ? ನಾವು ಸಸ್ಯಾಹಾರಿಗಳು. ಓದಿದ ಮೇಲೆ ಕೆಲಸ ಸಿಗುತ್ತದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಗಳ ಚೀನೀ ಭಾಷೆ ಗಟ್ಟಿಯಾಗಿದ್ದರೆ ಧೈರ್ಯವಾಗಿ ಕಳುಹಿಸಿ. ಇಲ್ಲದಿದ್ದರೆ ಒಂದು ವರ್ಷ ತಡೆಯಿರಿ.

ಈ ಕೇಂದ್ರ 1986ರಲ್ಲಿ ಆರಂಭವಾಯಿತು. ಅಮೆರಿಕ–ಚೀನಾ ನಡುವೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟು ಆಗಿನ್ನೂ ಏಳೇ ವರ್ಷ. ಮೊದಲು ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ಇತ್ತು. ಎರಡು ವರ್ಷದ ಅಂತರರಾಷ್ಟ್ರೀಯ ಅಧ್ಯಯನದ ಎಂ.ಎ. 2006ರಲ್ಲಿ ಬಂತು. ಅಲ್ಲಿನ ಪಾಠದ ಕ್ರಮವೇ ಬೇರೆ. ಚೀನಾದ ವಿದ್ಯಾರ್ಥಿಗಳು ಹೆಚ್ಚಿನ ಪಾಠಗಳನ್ನು ವಿದೇಶಿ ಪ್ರಾಧ್ಯಾಪಕರಿಂದ ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ವಿದೇಶಿ ವಿದ್ಯಾರ್ಥಿಗಳು ಚೀನೀ ಪ್ರಾಧ್ಯಾಪಕರಿಂದ ಚೀನೀ ಭಾಷೆಯಲ್ಲಿ ಕಲಿಯುತ್ತಾರೆ. ಎಂ.ಎ. ಪ್ರಬಂಧವನ್ನೂ ಚೀನೀ ಭಾಷೆಯಲ್ಲೇ ಬರೆದು, ಪರೀಕ್ಷಕರ ಮುಂದೆ ಅದೇ ಭಾಷೆಯಲ್ಲಿ ಸಮರ್ಥಿಸಿಕೊಳ್ಳಬೇಕು.

ಭಾಷೆ ಗಟ್ಟಿಯಿರಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ಬಿ.ಎ.ಯಲ್ಲಿ ಕಲಿತ ಭಾಷೆಯಿಂದ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಬಹುದು, ಬ್ಯಾಂಕ್ ಖಾತೆ ತೆರೆಯಬಹುದು. ಆದರೆ ವ್ಯಾಪಾರ ಕಾನೂನಿನ ಬಗ್ಗೆ ಮೂವತ್ತು ಪುಟಗಳ ಲೇಖನವನ್ನು ನಾಳೆ ಬೆಳಿಗ್ಗೆಯೊಳಗೆ ಓದಿ ಚರ್ಚೆಗೆ ಕೂರುವುದು ಬೇರೆ ಮಾತು. ಚೀನೀ ಬರವಣಿಗೆಯ ಶಿಷ್ಟ ಶೈಲಿ ಆಡುಮಾತಿಗಿಂತ ತುಂಬಾ ದೂರ. ಮೊದಲ ಕೆಲವು ತಿಂಗಳು ಒಂದೊಂದು ಪುಟಕ್ಕೂ ನಿಘಂಟು ಬೇಕಾಗುತ್ತದೆ, ರಾತ್ರಿಯ ನಿದ್ದೆ ಹೋಗುತ್ತದೆ. ಚೆನ್ನಾಗಿ ಓದುವ ಮಕ್ಕಳೂ ಇಲ್ಲಿ ಕಂಗೆಡುತ್ತಾರೆ.

ಆಗ ಕೈಹಿಡಿಯುವವರು ಕೋಣೆಯ ಸಂಗಾತಿಗಳು. ವಿದೇಶಿ ವಿದ್ಯಾರ್ಥಿಯನ್ನು ಚೀನೀ ವಿದ್ಯಾರ್ಥಿಯ ಜೊತೆಗೆ ಇರಿಸುವುದು ಈ ಕೇಂದ್ರದ ಪದ್ಧತಿ. ಒಂದು ಮೇಜಿನಲ್ಲಿ ನಿಮ್ಮ ಮಗಳು ಚೀನೀ ಲೇಖನದೊಡನೆ ಹೆಣಗುತ್ತಿದ್ದರೆ, ಪಕ್ಕದ ಮೇಜಿನಲ್ಲಿ ಆ ಹುಡುಗಿ ಇಂಗ್ಲಿಷ್ ಪ್ರಬಂಧದೊಡನೆ ಹೆಣಗುತ್ತಿರುತ್ತಾಳೆ. ಒಬ್ಬರ ವಾಕ್ಯವನ್ನು ಇನ್ನೊಬ್ಬರು ತಿದ್ದುತ್ತಾರೆ. ತೈವಾನ್, ಗಡಿ, ಯುದ್ಧ ಹೀಗೆ ಪತ್ರಿಕೆಯಲ್ಲಿ ಓದಿ ಕೋಪಗೊಳ್ಳುವ ವಿಷಯಗಳನ್ನು ಎದುರಿಗೇ ಕೂತು ಮಾತನಾಡುವ ಅವಕಾಶ ಅಲ್ಲಿದೆ. ಭಾರತದ ಹುಡುಗಿಗೆ ಗಲ್ವಾನ್ ಪ್ರಶ್ನೆ ಬರದೇ ಇರದು. ಬರಲಿ. ಆ ಕಷ್ಟದ ಮಾತುಕತೆಗಾಗಿಯೇ ಅಲ್ಲಿಗೆ ಹೋಗಬೇಕು ಎಂದು ನನಗನ್ನಿಸುತ್ತದೆ. ಚೀನಾದ ಬೇರೆಡೆ ಸುಲಭಕ್ಕೆ ಸಿಗದ ಪುಸ್ತಕಗಳೂ ಆ ಕೇಂದ್ರದ ಗ್ರಂಥಾಲಯದಲ್ಲಿ ಕೈಗೆ ಸಿಗುತ್ತವೆ.

ಊಟದ ವಿಷಯ. ನಾನ್‌ಜಿಂಗ್ ಬಾತುಕೋಳಿ ಅಡುಗೆಗೆ ಹೆಸರಾದ ಊರು. ತರಕಾರಿ ಪಲ್ಯದಲ್ಲೂ ಹಂದಿಮಾಂಸದ ಚೂರು ಇರಬಹುದು, ಆದ್ದರಿಂದ ಪ್ರತಿ ಸಲ ಕೇಳಿಯೇ ತಿನ್ನಬೇಕು. ಷುವಾನ್‌ವು ಸರೋವರದ ಬಳಿಯ ಜಿಮಿಂಗ್ ಬೌದ್ಧ ದೇವಾಲಯದಲ್ಲಿ ಶುದ್ಧ ಸಸ್ಯಾಹಾರಿ ನೂಡಲ್ಸ್ ಸಿಗುತ್ತದೆ. ತೋಫು, ಸೊಪ್ಪು, ಅನ್ನ ಎಲ್ಲೆಲ್ಲೂ ಇವೆ. ಊಟಕ್ಕಿಂತ ಚಳಿಗೆ ಸಿದ್ಧಳಾಗಲಿ: ಅಲ್ಲಿನ ಜನವರಿಯ ತೇವದ ಚಳಿ ಮೂಳೆಗಿಳಿಯುತ್ತದೆ.

ಇನ್ನು ಕೆಲಸ. ಹಳೆಯ ವಿದ್ಯಾರ್ಥಿಗಳು ರಾಜತಾಂತ್ರಿಕ ಸೇವೆ, ಪತ್ರಿಕೋದ್ಯಮ, ಬ್ಯಾಂಕಿಂಗ್, ಕಾನೂನು, ಸ್ವಯಂಸೇವಾ ಸಂಸ್ಥೆ, ಬೋಧನೆ ಹೀಗೆ ಹಲವು ಕಡೆ ಇದ್ದಾರೆ. ಆದರೆ ಅಮೆರಿಕನ್ನರ ದಾರಿ ನಿಮ್ಮ ಮಗಳ ದಾರಿಯಲ್ಲ. ಅಮೆರಿಕದ ವಿದೇಶಾಂಗ ಸೇವೆಗೆ ಅಲ್ಲಿನ ಪೌರತ್ವ ಬೇಕು. ನಮ್ಮ ವಿದೇಶಾಂಗ ಸೇವೆಗೆ ಯುಪಿಎಸ್‌ಸಿ ಬರೆಯಲೇಬೇಕು. ಈ ಪದವಿ ಅದಕ್ಕೆ ಅಡ್ಡದಾರಿ ಆಗುವುದಿಲ್ಲ. ಅವಳಿಗೆ ನಿಜವಾಗಿ ತೆರೆದಿರುವ ಬಾಗಿಲುಗಳು ಚೀನಾ ಅಧ್ಯಯನ ನಡೆಸುವ ಸಂಸ್ಥೆಗಳು (ಬೆಂಗಳೂರಿನಲ್ಲಿ ತಕ್ಷಶಿಲಾ ಸಂಸ್ಥೆಯಿದೆ), ವಿಶ್ವವಿದ್ಯಾಲಯಗಳು ಮತ್ತು ಚೀನಾ, ತೈವಾನ್‌ಗಳೊಡನೆ ವ್ಯವಹರಿಸುವ ಕಂಪನಿಗಳು. ದೇವನಹಳ್ಳಿಯಲ್ಲಿ ಕಾರ್ಖಾನೆ ಕಟ್ಟಿರುವ ಫಾಕ್ಸ್‌ಕಾನ್ ತೈವಾನಿನದು. ತೈವಾನಿನವರು ಆಡುವುದೂ ಮ್ಯಾಂಡರಿನ್ (ಚೀನಾದ ಅಧಿಕೃತ ಭಾಷೆ), ಬರೆಯುವುದು ಮಾತ್ರ ಹಳೆಯ ಪೂರ್ಣ ಅಕ್ಷರಗಳಲ್ಲಿ; ಚೀನಾದಲ್ಲಿ ಬಳಸುವುದು ಸರಳಗೊಳಿಸಿದ ಅಕ್ಷರ. ಎರಡೂ ಲಿಪಿ ಓದಬಲ್ಲವಳಾದರೆ ಅವಳಿಗೇ ಲಾಭ.

ದೇಶಗಳ ನಡುವಿನ ಬಿಗುವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೋವಿಡ್‌ನಿಂದಾಗಿ 2020ರಲ್ಲಿ ನಿಂತ ಭಾರತೀಯ ವಿದ್ಯಾರ್ಥಿಗಳ ವೀಸಾ ಮತ್ತೆ ಆರಂಭವಾದದ್ದು 2022ರಲ್ಲಿ. ಚೀನಾದಲ್ಲಿ ಓದುವ ಅಮೆರಿಕನ್ನರ ಸಂಖ್ಯೆ 2011–12ರಲ್ಲಿ ಸುಮಾರು 15 ಸಾವಿರ ಇದ್ದದ್ದು ಕೋವಿಡ್ ನಂತರ ಕೆಲವು ನೂರಕ್ಕೆ ಕುಸಿಯಿತು. ಇಷ್ಟು ಕಡಿಮೆ ಜನ ಹೋಗುತ್ತಿರುವಾಗ ಚೀನಾವನ್ನು ಒಳಗಿನಿಂದ ಬಲ್ಲವರಿಗೆ ಬೇಡಿಕೆ ಹೆಚ್ಚುತ್ತದೆ ಎಂಬುದು ನನ್ನ ಅಂದಾಜು.

ಅರ್ಜಿ ಹಾಕುವ ಮುನ್ನ ಮಗಳಿಗೊಂದು ಪರೀಕ್ಷೆ ಕೊಡಿ. ಚೀನೀ ಪತ್ರಿಕೆಯ ಆರ್ಥಿಕ ಸಂಪಾದಕೀಯವೊಂದನ್ನು ಓದಿ, ಅದಕ್ಕೆ ಅದೇ ಭಾಷೆಯಲ್ಲಿ ಒಂದು ಪುಟದ ಉತ್ತರ ಬರೆದು ಅಧ್ಯಾಪಕರಿಗೆ ತೋರಿಸಲಿ. ಅವರು ಒಪ್ಪಿದರೆ ಈ ವರ್ಷವೇ ಎರಡು ವರ್ಷದ ಎಂ.ಎ.ಗೆ ಅರ್ಜಿ ಹೋಗಲಿ, ವಿದ್ಯಾರ್ಥಿವೇತನದ ಬಗ್ಗೆಯೂ ಆಗಲೇ ವಿಚಾರಿಸಿ. ಒಪ್ಪದಿದ್ದರೆ ತೈಪೆಯಲ್ಲೋ ಬೀಜಿಂಗ್‌ನಲ್ಲೋ ಒಂದು ವರ್ಷ ಬರೀ ಭಾಷೆ ಕಲಿತು ಬರಲಿ.